ಗೋಡೆಗೆ ಅಂಟಿಸಿದ ತಾರೀಕು ಚೀಟಿಗಳು

ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಏಳುತ್ತದೆ. ಪುಸ್ತಕಕ್ಕೆ ರಟ್ಟು ಕಟ್ಟಿದವರಿಗೆ ಆ ವಾಸನೆ ಮೂಗಿನಿಂದ ಹೋಗುವುದಿಲ್ಲ. ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದ್ದೆ. ದಾರಿಯಲ್ಲಿ ಬಸ್ಸು ನಿಂತ ಒಂದು ಊರಿನಲ್ಲಿ ಯಾರೋ ಬಕೀಟು ಹಿಡಿದುಕೊಂಡು ನಿಲ್ದಾಣದ ಗೋಡೆಗೆ ಟ್ಯೂಷನ್ ಪೋಸ್ಟರು ಮೆತ್ತುತ್ತಿದ್ದ. ಕಿಟಕಿಯಿಂದ ಆ ವಾಸನೆ ನೇರ ಒಳಗೆ ಬಂತು. ಒಂಬತ್ತು ವರ್ಷದಿಂದ ಆ ಊರಿಗೆ ಕಾಲಿಟ್ಟಿರಲಿಲ್ಲ, ಇಡಬಾರದು ಅಂತಲೇ ಇದ್ದೆ. ಕಂಡಕ್ಟರು ಸೀಟಿ ಊದುವಷ್ಟರಲ್ಲಿ ಇಳಿದುಬಿಟ್ಟೆ. ಊಟಕ್ಕೆ ಕಾದು ಕೂತಿದ್ದ ನೆಂಟರು ಆಮೇಲೆ ಫೋನಿನಲ್ಲಿ ಚೆನ್ನಾಗಿ ಬೈದರು.

ಊರಿನ ಹೆಸರು ಬೇಡ. ಬರೆದರೆ ಅಲ್ಲಿನವರು ಮನೆ ಬಾಗಿಲಿಗೇ ಬಂದು ಕೇಳುತ್ತಾರೆ, ಕೇಳಿಯೇ ಹೋಗುವ ಜನ ಅವರು. ಸುತ್ತ ಕಬ್ಬು, ಭತ್ತ. ಊರ ಹಿಂದೆ ನಾಲೆ. ನಾಲೆಯ ಏರಿಯ ಕೆಳಗೆ ಎರಡು ಕೋಣೆಯ ಒಂದು ಗ್ರಂಥಾಲಯ. ಅಲ್ಲಿ ನಾನು ಗ್ರಂಥಪಾಲಕನಾಗಿ ಇದ್ದದ್ದು ಒಂದೇ ವರ್ಷ. ನೌಕರಿಯಲ್ಲಿ ಏಳೆಂಟು ಊರು ತಿರುಗಿದ್ದೇನೆ, ಯಾವ ಊರಲ್ಲಿ ಏನಾಯಿತು ಎಂಬುದೆಲ್ಲ ಈಗ ಕಲಸಿಹೋಗಿದೆ. ಆ ಒಂದು ವರ್ಷ ಮಾತ್ರ ಕಲಸಿಲ್ಲ.

ಯುಗಾದಿ ಕಳೆದ ಮೇಲೆ ಮಂಡ್ಯದಿಂದ ಅಲ್ಲಿಗೆ ವರ್ಗವಾಯಿತು. ವರ್ಗ ಅನ್ನುವುದಕ್ಕಿಂತ ಎತ್ತಿಹಾಕಿದರು ಅನ್ನಬೇಕು. ಮೇಲಿನವರೊಬ್ಬರಿಗೆ ಎದುರು ಮಾತಾಡಿದ್ದೆ. ನನ್ನ ನಾಲಗೆ ಹಾಗೇ, ಹೆಂಡತಿಯೂ ಅದನ್ನೇ ಹೇಳುತ್ತಾಳೆ. ದಿನವೂ ಮಂಡ್ಯದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮುಂದಿನ ಕೋಣೆಯಲ್ಲಿ ಪೇಪರು ಓದುವ ಹಿರಿಯರು, ಅವರ ರಾಜಕೀಯ, ಅವರ ಕೆಮ್ಮು. ಹಿಂದಿನದು ಓದುವ ಕೋಣೆ. ಅದರ ಹಿಂಗೋಡೆ ನಾಲೆಯ ಕಡೆಗೆ. ಗಂಡುಹುಡುಗರು ಕೆಲಸದ ಪರೀಕ್ಷೆಗೆ ಓದಲು ಮೈಸೂರಿಗೋ ಬೆಂಗಳೂರಿಗೋ ಹೋಗಿ ರೂಮು ಮಾಡುತ್ತಿದ್ದರು. ಈ ಕೋಣೆಗೆ ಬರುತ್ತಿದ್ದವರು ಹಾಗೆ ಹೊರಗೆ ಕಳಿಸದ ಮನೆಗಳ ಹೆಣ್ಣುಮಕ್ಕಳು. ಹತ್ತು ಹನ್ನೆರಡು ಜನ, ಸುತ್ತಲ ಹಳ್ಳಿಯವರು. ಮನೆಯಲ್ಲಿ ಪುಸ್ತಕ ಹಿಡಿದರೆ ಯಾರಾದರೊಬ್ಬರು ಪಾತ್ರೆ ತೋರಿಸುತ್ತಾರೆ, ಇಲ್ಲಿ ತೋರಿಸುವವರಿಲ್ಲ. ಅಷ್ಟೇ ಆ ಕೋಣೆಯ ಹೆಚ್ಚುಗಾರಿಕೆ.

ಅವರಲ್ಲಿ ಹಿರಿಯವಳು ಭಾಗ್ಯ. ಬಂಡೂರಿನ ಕಡೆಯಿಂದ ಈ ಭಾಗಕ್ಕೆ ಮದುವೆಯಾಗಿ ಬಂದವಳು, ಮಗಳು ಆಗಲೇ ಐದನೇ ಕ್ಲಾಸು. ಬೆಳಗ್ಗೆ ಮಗಳನ್ನು ಶಾಲೆಗೆ ಬಿಟ್ಟು, ಅತ್ತೆಯ ಮನೆಯ ಕುರಿಗಳಿಗೆ ಸೊಪ್ಪು ಹಾಕಿ, ಒಂಬತ್ತೂವರೆಗೆ ಬಂದು ಹಿಂಗೋಡೆಯ ಕಿಟಕಿಯ ಪಕ್ಕ ಕೂರುತ್ತಿದ್ದಳು. ಅಲ್ಲಿ ಬೆಳಕು ಚೆನ್ನಾಗಿತ್ತು. ಅವಳ ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಮನೆಯವರು ಕೊಟ್ಟಿದ್ದ ಅವಧಿಯೂ ಅಷ್ಟೇ. "ಈ ವರ್ಸ ಒಂದೇ ಸಾರ್. ಆಗ್ನಿಲ್ಲ ಅಂದ್ರೆ ಪುಸ್ತುಕ ಮಡಗ್ಬುಟ್ಟು ಕುರಿ ಇಡ್ಕೊ ಅಂದವ್ರೆ" ಎಂದು ನಗುತ್ತಲೇ ಹೇಳಿದ್ದಳು. ಅವಳ ಉತ್ತರಗಳನ್ನು ನಾನೇ ತಿದ್ದುತ್ತಿದ್ದೆ. ಕೆಲಸ ಸಿಕ್ಕೇ ಸಿಗುತ್ತದೆ ಅಂತ ನನಗೆ ಅನುಮಾನವಿರಲಿಲ್ಲ.

ಬಿರುಕನ್ನು ಮೊದಲು ತೋರಿಸಿದ್ದು ಕಸ ಗುಡಿಸುವ ಚಿಕ್ಕತಾಯಮ್ಮ. ಬಾಗಿಲು ತೆಗೆಯುವುದು, ಗುಡಿಸುವುದು, ಪೇಪರನ್ನು ಕೋಲಿಗೆ ಸಿಕ್ಕಿಸುವುದು ಎಲ್ಲ ಆಕೆಯದೇ. ಒಂದು ದಿನ ಬೆಳಗ್ಗೆ ಮೊರದಲ್ಲಿ ಒಂದು ಹಿಡಿ ಗಾರೆ ಪುಡಿ ತಂದು ನನ್ನ ಮೇಜಿನ ಮೇಲೆ ಸುರಿದರು.

"ಏನಮ್ಮ ಇದು?"

"ಗ್ವಾಡೆ ಉದುರ್ತಾ ಅದೆ ಸಾ. ದಿನಾ ಗುಡುಸ್ತೀನಿ, ದಿನಾ ಬೀಳ್ತದೆ. ಇದು ನಮ್ ದೊಡ್ಡಪ್ಪನ್ ಗದ್ದೆ ಇದ್ದ ಜಾಗ. ಮಣ್ ತುಂಬುಸಿ ಮ್ಯಾಲೆ ಕಟ್ಟವ್ರೆ."

ಹೋಗಿ ನೋಡಿದೆ. ಕಿಟಕಿಯ ಮೂಲೆಯಿಂದ ಮೇಲಕ್ಕೆ, ತಾರಸಿಯವರೆಗೆ, ಕೂದಲೆಳೆಯಷ್ಟು ಸಣ್ಣ ಗೀಟು. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ಅದಕ್ಕೆ ಅಡ್ಡಲಾಗಿ ಗಾಜಿನ ಚೂರು ಅಂಟಿಸುತ್ತಾರೆ ಅಂತ ಎಲ್ಲೋ ಓದಿದ್ದೆ. ನನ್ನ ಹತ್ತಿರ ಗಾಜು ಇರಲಿಲ್ಲ, ಪುಸ್ತಕದ ಹಿಂಬದಿಗೆ ಅಂಟಿಸುವ ತಾರೀಕು ಚೀಟಿಗಳ ಕಟ್ಟು ಇತ್ತು. ಅಂಟು ಕುದಿಸಿದೆ. ಗೀಟಿಗೆ ಅಡ್ಡವಾಗಿ ಮೇಲಿಂದ ಕೆಳಗೆ ಐದು ಚೀಟಿ ಹಚ್ಚಿ, ಒಂದೊಂದರ ಮೇಲೂ ಆ ದಿನದ ಮುದ್ರೆ ಒತ್ತಿದೆ. ಹುಡುಗಿಯರು ನಕ್ಕರು. ಗೋಡೆಗೂ ಪುಸ್ತಕ ಎರವಲು ಕೊಟ್ಟರು ಸಾರ್ ಅಂತ ಅವರಲ್ಲೊಬ್ಬಳು ಅಂದಳು. ನನಗೂ ನಗು ಬಂತು.

ನಾಲ್ಕನೇ ದಿನಕ್ಕೆ ಐದೂ ಚೀಟಿ ನಡುವೆ ಸೀಳಿದ್ದವು. ಮತ್ತೆ ಹಚ್ಚಿದೆ. ಮತ್ತೆ ಸೀಳಿದವು. ಕಾಗದ ಹರಿದದ್ದು ಯಾರಿಗೂ ಕೇಳಿಸಲಿಲ್ಲ. ಅದರ ಕೆಳಗೇ ಹುಡುಗಿಯರು ಸಂವಿಧಾನದ ಕಲಮುಗಳನ್ನು ಬಾಯಿಪಾಠ ಮಾಡುತ್ತಿದ್ದರು. ಮಧ್ಯಾಹ್ನ ಒಬ್ಬನೇ ಮೇಜಿನ ಮುಂದೆ ಕೂತಾಗ ನನಗೆ ಕಿವಿ ಅತ್ತಲೇ. ರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರು ಹಾಡು ಹಾಕಿಕೊಂಡು ಹೋದರೆ ಕಿಟಕಿಯ ಗಾಜು ಗಿರ್ರನೆ ಅದುರುತ್ತಿತ್ತು. ಅದು ನಿಲ್ಲುವವರೆಗೂ ಉಸಿರು ಬಿಗಿಹಿಡಿದಿರುತ್ತಿದ್ದೆ.

ಮೇಲಿನ ಕಚೇರಿಗೆ ಬರೆದೆ. ಒಂದಲ್ಲ, ನಾಲ್ಕು ಕಾಗದ. ಎಂಜಿನಿಯರೊಬ್ಬರು ಬಂದದ್ದು ಶ್ರಾವಣದಲ್ಲಿ. ಅಷ್ಟರಲ್ಲಿ ನಾಲೆಗೆ ನೀರು ಬಿಟ್ಟಿದ್ದರು. ಏರಿಯ ಆಚೆ ನೀರು ಕಂಠಮಟ್ಟ, ಗದ್ದೆಗಳಲ್ಲಿ ನಾಟಿ. ಅವರನ್ನು ಕರೆದುಕೊಂಡು ಓದುವ ಕೋಣೆಗೆ ಹೋದರೆ ನನಗೇ ಆಶ್ಚರ್ಯ. ಬಿರುಕು ಮುಚ್ಚಿಕೊಂಡಿದೆ. ವಾರದ ಹಿಂದೆ ಹಚ್ಚಿದ್ದ ಚೀಟಿಗಳು ಹರಿದಿಲ್ಲ, ನಡುವೆ ಸುಕ್ಕುಗಟ್ಟಿ ನಿಂತಿವೆ. ಆತ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದರು.

"ಇದು ಗಾರೆ ಬಿರುಕು ಕಣ್ರೀ. ಗೋಡೆಗೇನೂ ಆಗಿಲ್ಲ."

ಚಿಕ್ಕತಾಯಮ್ಮ ಬಾಗಿಲಲ್ಲೇ ನಿಂತು ಹೇಳಿದರು: "ನಾಲೆ ನೀರ್ ನಿಂತ್ ಮ್ಯಾಲೆ ಒಂದ್ಸಲ ಬನ್ನಿ ಸಾ. ಆಗ ನೋಡಿ ಅದುರ್ ಬಾಯ."

ಆತ ನಕ್ಕು, ಅಪಾಯವಿಲ್ಲ ಎಂದು ಬರೆದು ಸಹಿ ಹಾಕಿ ಹೋದರು. ನನಗೆ ಮೈಯೆಲ್ಲ ಉರಿಯಿತು. ಈ ಗೋಡೆಯ ಸತ್ಯ ಒಂದು ದಿನ ತೋರಿಸಿಯೇ ಕೊಡುತ್ತೇನೆ ಅಂತ ಅವತ್ತೇ ಹಟಕ್ಕೆ ಬಿದ್ದೆ. ಹಿಂತಿರುಗಿ ನೋಡಿದರೆ, ಅಲ್ಲಿಂದಾಚೆಗೆ ನಾನು ನೋಡುತ್ತಿದ್ದದ್ದು ಗೋಡೆಯನ್ನಲ್ಲ, ಆ ಸಹಿಯನ್ನು.

ನಮ್ಮ ಕಡೆ ಕಟ್ಟು ನೀರು. ನಾಲೆಯಲ್ಲಿ ಕೆಲವು ದಿನ ಹರಿಸುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನೀರು ಬಂದಾಗ ಬಿರುಕು ಮುಚ್ಚುತ್ತಿತ್ತು, ನಿಂತಾಗ ತೆರೆಯುತ್ತಿತ್ತು. ಊರಿನ ಯಾವ ರೈತನನ್ನು ಕೇಳಿದ್ದರೂ ಕಾರಣ ಹೇಳುತ್ತಿದ್ದ. ನಮ್ಮದೂ ಒಕ್ಕಲು ಮನೆತನವೇ. ಆದರೆ ನಾನು ಮಂಡ್ಯ ಪೇಟೆಯಲ್ಲಿ ಬೆಳೆದವನು, ಗದ್ದೆಗೆ ಇಳಿದವನಲ್ಲ. ಕಾರ್ತಿಕದಲ್ಲಿ ಮೇಲೆಲ್ಲೋ ನಾಲೆಯ ಏರಿ ಕುಸಿದು, ದುರಸ್ತಿಗೆಂದು ನೀರು ಪೂರ್ತಿ ನಿಲ್ಲಿಸಿದರು. ವಾರವಾಯಿತು, ಮೂರು ವಾರವಾಯಿತು, ನೀರಿಲ್ಲ. ನಾಲೆಯ ತಳ ಒಣಗಿ ಹೆಂಚು ಹೆಂಚಾಗಿ ಬಿರಿಯಿತು. ನಮ್ಮ ಗೋಡೆಯಲ್ಲಿ ನಾಣ್ಯ ತೂರುವಷ್ಟಿದ್ದ ಸಂದು ಬೆರಳು ತೂರುವಷ್ಟಾಯಿತು. ಒಂದು ಬೆಳಗ್ಗೆ ಅದರಲ್ಲಿ ಆಚೆಯ ಬೆಳಕು ಕಂಡಿತು.

ಪರೀಕ್ಷೆಗೆ ನಲವತ್ತು ದಿನ ಇತ್ತು. ಹುಡುಗಿಯರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿ ಓದುವ ಕೋಣೆಗೆ ಬೀಗ ಹಾಕಿದೆ.

"ಎಲ್ಲೋದುಮ ಸಾರ್ ನಾವು?" ಭಾಗ್ಯ ಕೇಳಿದಳು. ಪುಸ್ತಕಗಳನ್ನು ಎದೆಗೆ ಅವುಚಿಕೊಂಡಿದ್ದಳು.

"ಎಲ್ಲಾದ್ರೂ ಓದ್ಕೊಳಮ್ಮ. ಜೀವ ಇದ್ರೆ ತಾನೇ ಪರೀಕ್ಷೆ."

"ಎಲ್ಲಾದ್ರೂ ಅಂದ್ರೆ ಎಲ್ಲಿ? ನೀವೇ ಒಂದ್ ಜಾಗ ತೋರ್ಸಿ."

ತೋರಿಸಲು ನನ್ನ ಹತ್ತಿರ ಜಾಗವಿರಲಿಲ್ಲ. ಶಾಲೆಯವರು ಆಗುವುದಿಲ್ಲ ಅಂದರು. ಮುಂದಿನ ಕೋಣೆಯಲ್ಲಿ ಹಿರಿಯರ ನಡುವೆ ಕೂರಲು ಹುಡುಗಿಯರ ಮನೆಯವರು ಒಪ್ಪಲಿಲ್ಲ. ಎರಡು ದಿನ ಅವರೆಲ್ಲ ಏರಿಯ ಮೇಲಿನ ಹೊಂಗೆ ಮರದ ಕೆಳಗೆ ಕೂತರು. ಮೂರನೇ ದಿನ ಭಾಗ್ಯಳ ಅತ್ತೆ ಅಲ್ಲಿಗೇ ಬಂದರು. ನಾನು ಮುಂದಿನ ಕೋಣೆಯ ಪಕ್ಕದ ಕಿಟಕಿಯಿಂದ ನೋಡುತ್ತಿದ್ದೆ.

"ಬಾಗ್ಲೇ ಮುಚ್ಬುಟ್ಟವ್ರಂತಲ್ಲ ಕಣಮ್ಮಿ, ಇನ್ಯಾರ್ನ ಓದುಸ್ತಾ ಕುಂತಿದ್ದೀಯೆ ಏರಿ ಮ್ಯಾಲೆ? ಏಳು, ಮನೆತಾವ ಕುರಿ ಅರುಚ್ಕತಾ ಅವೆ."

ಭಾಗ್ಯ ಎದ್ದು ಹೋದಳು. ಆ ಕೋಣೆ ಅವಳಿಗೆ ಬೆಳಕು, ಕುರ್ಚಿ ಮಾತ್ರವಲ್ಲ, ಮನೆಯಿಂದ ಹೊರಡಲು ಇದ್ದ ಒಂದೇ ನೆಪ ಎಂಬುದು ನನಗೆ ಆಗ ಹೊಳೆಯಿತು. ಹೊಳೆದರೂ ಬೀಗ ತೆಗೆಯಲಿಲ್ಲ.

ಚಿಕ್ಕತಾಯಮ್ಮ ದಿನಾ ಹೇಳುತ್ತಿದ್ದರು. "ಗದ್ದೆ ಮಣ್ಣು ಸಾ ಇದು. ನೀರ್ ಕುಡುದ್ರೆ ಉಬ್ಬತದೆ, ಒಣಗುದ್ರೆ ಬಾಯ್ ಬುಡ್ತದೆ. ಈಗ್ಲೇ ಬೀಳೋದಲ್ಲ. ನೀರ್ ಬಂದ್ರೆ ಮುಚ್ಕತದೆ, ನೋಡ್ತಾ ಇರಿ. ನೀರ್ ಬಂದೂ ಮುಚ್ಕಳ್ನಿಲ್ಲ ಅಂತ ಒಂದಿನ ಬಂದ್ರೆ, ಅವತ್ತು ನಾನೇ ಮೊದ್ಲು ಓಡೋಯ್ತೀನಿ."

"ಸುಮ್ನಿರಮ್ಮ, ನಿನಗೇನು ಗೊತ್ತು" ಅಂತ ಗದರಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಪರೀಕ್ಷೆಗೆ ಎಂಟು ದಿನ ಇರುವಾಗ ನಾಲೆಗೆ ನೀರು ಬಂತು. ನಾಲ್ಕನೇ ದಿನ ಬೀಗ ತೆಗೆದು ಒಬ್ಬನೇ ಒಳಗೆ ಹೋದೆ. ಬಿರುಕು ಮತ್ತೆ ಕೂದಲೆಳೆಯಾಗಿತ್ತು. ಆಗಲೇ ಬಾಗಿಲು ತೆರೆದಿಟ್ಟು ಹುಡುಗಿಯರಿಗೆ ಹೇಳಿಕಳಿಸಿದ್ದರೆ ನಾಲ್ಕು ದಿನವಾದರೂ ಸಿಗುತ್ತಿತ್ತು. ನಾನು ಮತ್ತೆ ಬೀಗ ಜಡಿದೆ. ಎಂಜಿನಿಯರು ಹೇಳಿದ್ದೇ ಸರಿ ಅಂತ ಊರೆಲ್ಲ ನಗುತ್ತದೆ ಎಂಬ ಹೆದರಿಕೆ, ಮತ್ತೇನೂ ಅಲ್ಲ. ಆ ನಾಲ್ಕು ದಿನದ ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಆಯ್ಕೆಯಾದವರ ಪಟ್ಟಿ ಬಂದಾಗ ಭಾಗ್ಯಳ ಹೆಸರು ಇರಲಿಲ್ಲ. ಎರಡೇ ಅಂಕ ಕಡಿಮೆ. ಎರವಲು ಒಯ್ದಿದ್ದ ಪುಸ್ತಕ ಹಿಂದಿರುಗಿಸಲು ಬಂದಳು. ತಾರೀಕು ದಾಟಿರಲಿಲ್ಲ, ಅವಳು ಯಾವತ್ತೂ ದಾಟಿಸಿದವಳಲ್ಲ. ಪರೀಕ್ಷೆ ಮುಗಿದ ಮೇಲೆ ನಾನು ಬೀಗ ತೆಗೆದಿದ್ದ ಓದುವ ಕೋಣೆಯ ಬಾಗಿಲಿಗೆ ಹೋಗಿ ಹಿಂಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಗ್ವಾಡೆ ನಿಂತದಲ್ಲ ಸಾರ್" ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ಅಳಲೂ ಇಲ್ಲ. ಬಿಸಿಲಿಗೆ ಸೆರಗು ತಲೆಗೆ ಎಳೆದುಕೊಂಡು ಹೊರಟುಹೋದಳು. ಮುಂದಿನ ಯುಗಾದಿಗೆ ನನಗೆ ಬೇರೆ ಊರಿಗೆ ವರ್ಗವಾಯಿತು, ಈ ಸಲ ನಾನೇ ಕೇಳಿ ಪಡೆದದ್ದು.

ಅಲ್ಲಿಂದ ಈಚೆಗೆ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆ ಕಡೆಯವರು ಯಾರೇ ಸಿಗಲಿ, ಸುತ್ತಿ ಬಳಸಿ ಗ್ರಂಥಾಲಯದ ಸುದ್ದಿಗೆ ಬರುತ್ತಿದ್ದೆ. ಜೋರು ಮಳೆ ಬಂದ ಮಾರನೆಯ ದಿನ ಪೇಪರಿನಲ್ಲಿ ಜಿಲ್ಲೆಯ ಪುಟವನ್ನೇ ಮೊದಲು ಬಿಡಿಸುತ್ತಿದ್ದೆ. ಆ ಗೋಡೆ ಬೀಳಲಿ ಅಂತ ಬಯಸಿದೆ. ಭಾನುವಾರ ಬೀಳಲಿ, ಒಳಗೆ ಯಾರೂ ಇಲ್ಲದಾಗ ಬೀಳಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಯಸಿದೆ. ಬಿದ್ದರೆ ಭಾಗ್ಯಳ ಮುಂದೆ ಹೋಗಿ ನಿಲ್ಲಬಹುದಿತ್ತು. ಅದು ಬೀಳಲಿಲ್ಲ. ನಾನು ನಿವೃತ್ತನಾದೆ.

ಹೋದ ತಿಂಗಳು ಬಸ್ಸಿಳಿದು ಹೋದಾಗ ಗ್ರಂಥಾಲಯಕ್ಕೆ ಹೊಸ ಬಣ್ಣ ಹೊಡೆದಿದ್ದರು. ಬಾಗಿಲ ಪಕ್ಕದ ಮೇಜಿನ ಹಿಂದೆ ಭಾಗ್ಯ ಕೂತಿದ್ದಳು. ತಲೆಯಲ್ಲಿ ನಾಲ್ಕಾರು ಬಿಳಿಗೂದಲು. ಊರಿನವರು ಹೇಳಿಸಿ ಮೇಲ್ವಿಚಾರಕಿ ಅಂತ ಹಾಕಿಸಿದ್ದಾರಂತೆ, ಖಾಯಂ ಅಲ್ಲ. ನನ್ನನ್ನು ನೋಡಿ ಎದ್ದು ನಿಂತಳು.

"ಬನ್ನಿ ಸಾರ್. ಈ ಕಡೆ ದಾರಿ ಮರ್ತೋಗಿತ್ತಾ?"

ಚಿಕ್ಕತಾಯಮ್ಮ ತೀರಿಕೊಂಡು ಎರಡು ವರ್ಷವಾಯಿತಂತೆ. ಓದುವ ಕೋಣೆಯಲ್ಲಿ ಹನ್ನೊಂದು ಹುಡುಗಿಯರಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಹಿಂಗೋಡೆಯ ಮೇಲೆ ತಾರಸಿಯಿಂದ ಕಿಟಕಿಯವರೆಗೆ ದೊಡ್ಡದೊಂದು ಕರ್ನಾಟಕದ ನಕ್ಷೆ ತೂಗುಹಾಕಿದ್ದರು. ಗಾಳಿಯಿಲ್ಲ, ಫ್ಯಾನು ನಿಂತಿದೆ, ಆದರೂ ನಕ್ಷೆ ಮೆಲ್ಲಗೆ ಅಲ್ಲಾಡುತ್ತಿತ್ತು. ಹೋಗಿ ಅದರ ಅಂಚು ಎತ್ತಿದೆ. ನನ್ನ ಅಂಗೈ ಪೂರ್ತಿ ಬಿರುಕಿನೊಳಗೆ ಹೋಯಿತು, ಆಚೆಯ ತಣ್ಣನೆ ಗಾಳಿ ಬೆರಳಿಗೆ ತಗುಲಿತು. ಕಿಟಕಿಯಿಂದ ಹೊರಗೆ ನೋಡಿದೆ. ನಾಲೆ ಕಂಠಮಟ್ಟ ಹರಿಯುತ್ತಿತ್ತು.

ಭಾಗ್ಯಳನ್ನು ಹೊರಗೆ ಕರೆದು ಹೇಳಿದೆ. ಅವಳಿಗೆ ವಿವರಿಸಬೇಕಾಗಿರಲಿಲ್ಲ.

"ಗೊತ್ತು ಸಾರ್. ನಾಟಿ ಟೈಮಿಂದ ನೋಡ್ತಾ ಇವ್ನಿ. ನೀರು ಬಂದು ಇಷ್ಟ್ ದಿನ ಆದ್ರೂ ಮುಚ್ಕಂಡಿಲ್ಲ."

"ಗೊತ್ತಿದ್ದೂ ಸುಮ್ನಿದ್ದೀಯಾ? ಬರೆಯೋದಲ್ವಾ?"

"ಬರ್ದೆ. ಮೂರ್ ಸಲ ಬರ್ದೆ. ಕಡತ ತೆಗ್ದು ನೋಡುದ್ರು. ನೀವು ಬರ್ದಿದ್ ಕಾಗ್ದ ಅವೆ, ಅಪಾಯ ಇಲ್ಲ ಅಂತ ಬರ್ದಿರೋ ಕಾಗ್ದ ಅದೆ. ಇದ್ರ ಇಂದೆ ಒಬ್ಬ ಯಪ್ಪ ಇಂಗೇ ಕೂಗಾಡಿ ಬೀಗ ಹಾಕಿದ್ದ, ಏನಾಯ್ತಮ್ಮ, ಗ್ವಾಡೆ ನಿಂತಿಲ್ವಾ ಅಂತ ನಗಾಡುದ್ರು."

ಅವಳೇ ಮುಂದುವರಿಸಿದಳು. "ಗ್ವಾಡೆ ಪಕ್ಕ ಕುಂತವ್ಳಲ್ಲ ಸಾರ್, ನೀಲಿ ಬಟ್ಟೆ, ಅವ್ಳಿಗೆ ಮನೇಲಿ ಗಂಡು ಗೊತ್ ಮಾಡವ್ರೆ. ಪರೀಕ್ಸೆ ಗಂಟ ಬುಟ್ಟವ್ರೆ, ಅಷ್ಟೇಯ. ಬಾಗ್ಲು ಮುಚ್ಚುದ್ರೆ ನಾಳೀಕೇ ಮನೇಲಿ ಕೂರುಸ್ತಾರೆ. ಎರಡ್ ಕೋಣೆಗೂ ತಾರಸಿ ಒಂದೇ, ಬಿದ್ರೆ ಎಲ್ಲಾ ಬೀಳ್ತದೆ, ಆ ಕೋಣೆಯಿಂದ ಈ ಕೋಣೆಗೆ ಕೂರ್ಸುದ್ರೂ ಅಷ್ಟೇ. ಬೇರೆ ಜಾಗ ಕೇಳ್ದೆ, ಯಾರೂ ಕೊಡ್ನಿಲ್ಲ."

ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ನನ್ ಕೈಲಿ ಆಗಲ್ಲ ಸಾರ್. ನೀವ್ ಒಂದ್ಸಲ ಹಾಕಿದ್ರಲ್ಲ. ಓಗಿ, ನೀವೇ ಎಬ್ಸಿ ಅವ್ರ್ನ."

ವ್ಯಂಗ್ಯವಾಗಿ ಹೇಳಿದ್ದಲ್ಲ, ಅವಳ ಕಣ್ಣು ತುಂಬಿತ್ತು. ನಾನು ಒಳಗೆ ಹೋಗಿ ಕೋಣೆಯ ನಡುವೆ ನಿಂತೆ. ಏಳಿ ಅನ್ನುವ ಒಂದು ಮಾತು ಸಾಕಿತ್ತು. ನೀಲಿ ಬಟ್ಟೆಯ ಹುಡುಗಿ ತಲೆ ಎತ್ತಿ, "ಇಲ್ಲಿ ಸೀಟ್ ಖಾಲಿ ಅದೆ ತಾತ, ಕೂತ್ಕಳಿ" ಅಂದಳು. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ನಾನು ಕೂತೆ.

ಅವತ್ತಿನಿಂದ ದಿನಾ ಹೋಗುತ್ತಿದ್ದೇನೆ. ಹೆಂಡತಿಗೆ ಪೇಪರು ಓದಲು ಅಂತ ಹೇಳಿದ್ದೇನೆ. ಪರಿಚಯವಿದ್ದ ಕಚೇರಿಗಳಿಗೆಲ್ಲ ಹೋಗಿ ಕೈಮುಗಿದು ಬಂದೆ. ಜನ ಕಳಿಸುತ್ತೇವೆ ಅಂದಿದ್ದಾರೆ, ಬಂದಿಲ್ಲ. ನಾನು ಕೂತ ಮಾತ್ರಕ್ಕೆ ಗೋಡೆ ನಿಲ್ಲುವುದಿಲ್ಲ, ಅಷ್ಟು ತಿಳಿವಳಿಕೆ ನನಗಿದೆ. ಇದಕ್ಕೆ ಧೈರ್ಯ ಅಂತ ಹೆಸರಿಡಬೇಡಿ. ಬೀಗ ಹಾಕಲು ಕೈ ಬರುತ್ತಿಲ್ಲ, ಬಿಟ್ಟು ಬರಲು ಕಾಲು ಬರುತ್ತಿಲ್ಲ. ಆ ಹುಡುಗಿಗೆ ಲೆಕ್ಕದಲ್ಲಿ ಸ್ವಲ್ಪ ಕಷ್ಟ, ಮಧ್ಯಾಹ್ನದ ಹೊತ್ತು ಹೇಳಿಕೊಡುತ್ತೇನೆ. ಬೇಗ ಹಿಡಿಯುತ್ತಾಳೆ.

ಪರೀಕ್ಷೆಗೆ ಇನ್ನೂ ಒಂಬತ್ತು ದಿನ ಇದೆ. ನಿನ್ನೆ ಸಂಜೆ ನಾಲೆಗೆ ನೀರು ನಿಲ್ಲಿಸಿದರು.